ಮಗ್ಗದ ಕಂಪ್ಯೂಟರಿಗೆ ಕಾಣದ ಸರ್ವರ್

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಬದಿಯಲ್ಲಿ ಆರು ವಿದ್ಯುತ್ ಮಗ್ಗಗಳಿವೆ. ನಡೆಸುವವನು ಅಣ್ಣ. ಮಗ್ಗದ ಶೆಡ್ಡಿಗೆ ಹೊಂದಿಕೊಂಡ ಕಿರುಕೋಣೆಯಲ್ಲಿ 2008ರಲ್ಲಿ ಕೊಂಡ ಕಂಪ್ಯೂಟರೊಂದು ಇಂದಿಗೂ ದುಡಿಯುತ್ತಿದೆ. ಸೀರೆಯ ಅಂಚು, ಸೆರಗು, ಬುಟ್ಟಾಗಳ ವಿನ್ಯಾಸವೆಲ್ಲ ಹುಟ್ಟುವುದು ಅದರಲ್ಲೇ. ಅಲ್ಲಿ ಬಿಡಿಸಿದ್ದನ್ನು ಕಾರ್ಡು ಹೊಡೆಯುವವರಲ್ಲಿಗೆ ಒಯ್ದರೆ ತೂತು ಬಿದ್ದ ರಟ್ಟಿನ ಕಾರ್ಡುಗಳ ಸರ ಸಿದ್ಧವಾಗಿ ಬರುತ್ತದೆ. ಅದನ್ನು ಮಗ್ಗದ ಮೇಲಿನ ಜಕಾರ್ಡಿಗೆ ಏರಿಸಿದರೆ ನೂಲಿನಲ್ಲಿ ಹೂವು, ಮಾವು, ನವಿಲು ಮೂಡುತ್ತವೆ.

ಕಳೆದ ವರ್ಷ ಆಷಾಢದಲ್ಲಿ ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಒಳಗಿದ್ದದ್ದು ಸುಮಾರು 1,100 ವಿನ್ಯಾಸಗಳು. ಕೆಲವು ನಮ್ಮ ತಂದೆಯವರು ಚೌಕದ ಕಾಗದದ ಮೇಲೆ ಬಣ್ಣ ತುಂಬಿ ಬಿಡಿಸಿದ್ದನ್ನು ಅಣ್ಣ ಕುಳಿತು ಮತ್ತೆ ಕಂಪ್ಯೂಟರಿಗೆ ಇಳಿಸಿದವು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ರಿಪೇರಿಯವರು ಹೇಗೋ ಅದನ್ನು ಎಬ್ಬಿಸಿ, ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಸಾಗಿಸಿಕೊಟ್ಟರು. ಇನ್ನು ಮುಂದೆ ಇವೆಲ್ಲಕ್ಕೂ ಎರಡನೆಯ ಪ್ರತಿ ಇರಲೇಬೇಕೆಂದು ಅಂದು ರಾತ್ರಿ ತೀರ್ಮಾನವಾಯಿತು. ಆ ಹೊಣೆ ನನ್ನ ತಲೆಗೆ ಬಂತು.

ಪೆನ್‌ಡ್ರೈವ್ ಸಾಲದೇ ಎಂದು ಕೇಳಬಹುದು. ಅಣ್ಣನೂ ಅದನ್ನೇ ಕೇಳಿದ. ದಿನವೂ ನೆನಪಿಟ್ಟು ಪ್ರತಿ ಮಾಡುವವರಿಗೆ ಅದು ಸಾಕು. ಅಂಥವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಂತರ್ಜಾಲದ ಯಾವುದೋ ಕಂಪೆನಿಯ ಉಗ್ರಾಣದಲ್ಲಿ ಇಡೋಣವೆಂದರೆ ಆ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ ಅದರ ಪೋಷಣೆಯನ್ನು 2014ರ ಏಪ್ರಿಲ್‌ನಲ್ಲೇ ನಿಲ್ಲಿಸಿದೆ. ಈಗಿನ ಜಾಲತಾಣಗಳಲ್ಲಿ ಹೆಚ್ಚಿನವು ಅದರ ಬ್ರೌಸರಿನಲ್ಲಿ ತೆರೆಯುವುದೇ ಇಲ್ಲ. ಹೊಸ ವಿಂಡೋಸ್ ಹಾಕಲು ಸಾಧ್ಯವಿಲ್ಲ, ಏಕೆಂದರೆ ವಿನ್ಯಾಸದ ತಂತ್ರಾಂಶ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಅದೂ ಕಂಪ್ಯೂಟರಿನ ಬೆನ್ನಿಗೆ, ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಜಾಗದಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್ ಎಂಬ ಬೀಗವಿದ್ದರೆ ಮಾತ್ರ. ಆ ತಂತ್ರಾಂಶವನ್ನು ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು.

ಹೀಗಾಗಿ ಮನೆಯಲ್ಲೇ ಒಂದು ಸರ್ವರ್ ಕಟ್ಟುವ ಕೆಲಸಕ್ಕೆ ಕೈಹಾಕಿದೆ. ಮಗ ಕಾಲೇಜಿನ ದಿನಗಳಲ್ಲಿ ಬಳಸಿ ಬಿಟ್ಟಿದ್ದ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯಲ್ಪಡುವಂತೆ ಎರಡು ಡಿಸ್ಕುಗಳನ್ನು ಜೋಡಿಸಿದೆ. ತಂತ್ರಾಂಶಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಡಿಸ್ಕುಗಳಿಗೂ, ಮಗ್ಗಗಳ ಊರಿನ ವಿದ್ಯುತ್ತನ್ನು ನಂಬಲಾರದೆ ಕೊಂಡ ಯುಪಿಎಸ್‌ಗೂ ಆಯಿತು. ಒಂದು ಭಾನುವಾರದಲ್ಲಿ ಮುಗಿಯಬೇಕಿದ್ದ ಕೆಲಸ. ಸಂಜೆ ಅಣ್ಣ ತನ್ನ ಕೋಣೆಯಿಂದಲೇ ಕೂಗಿದ: ‘ಏನಪ್ಪಾ, ನಿನ್ನ ಪೆಟ್ಟಿಗೆ ನನ್ನ ಕಂಪ್ಯೂಟರಿನ ಕಣ್ಣಿಗೇ ಬೀಳ್ತಿಲ್ವಲ್ಲ!’

ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಅದಕ್ಕೆ ಸರ್ವರ್ ಕಾಣಿಸಿತು, ಆದರೆ ಬಾಗಿಲು ತೆರೆಯಲು ಅದು ಒಪ್ಪಲಿಲ್ಲ. ಒಂದೇ ಮನೆ, ಒಂದೇ ತಂತಿ, ಒಂದೇ ಕಂಪೆನಿಯ ಎರಡು ವಿಂಡೋಸ್‌ಗಳು. ಒಂದಕ್ಕೆ ಸರ್ವರ್ ಇರುವುದೇ ಗೊತ್ತಿಲ್ಲ, ಇನ್ನೊಂದಕ್ಕೆ ಅದರ ಮೇಲೆ ನಂಬಿಕೆಯಿಲ್ಲ. ಮೂರು ರಾತ್ರಿ ನಾನು ಲಿನಕ್ಸನ್ನೂ ವಿಂಡೋಸನ್ನೂ ಸರದಿಯ ಮೇಲೆ ಬೈದುಕೊಂಡೆ. ಆಮೇಲೆ ತಿಳಿದದ್ದೆಂದರೆ, ಇಬ್ಬರದೂ ತಪ್ಪಿರಲಿಲ್ಲ.

ವಿಂಡೋಸ್ ಯಂತ್ರಗಳು ಜಾಲದೊಳಗೆ ಕಡತಗಳನ್ನು ಹಂಚಿಕೊಳ್ಳಲು ಆಡುವ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್‌ನಲ್ಲಿ ಬೆಳೆದದ್ದು. ಬೆಳೆಯುತ್ತ ಹೋದಂತೆ ಅದರ ವ್ಯಾಕರಣದ ಬಹುಭಾಗ ಕಂಪೆನಿಯ ಕಪಾಟಿನೊಳಗೇ ಉಳಿಯಿತು. ಹೊರಗಿನವರು ಆ ಭಾಷೆ ಆಡಬೇಕಾದರೆ ಕದ್ದು ಕೇಳಿಸಿಕೊಂಡೇ ಕಲಿಯಬೇಕು. ಹಾಗೆ ಕಲಿತವರು ಆಂಡ್ರ್ಯೂ ಟ್ರಿಜೆಲ್. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು 1991ರ ಕೊನೆ, 1992ರ ಆರಂಭದಲ್ಲಿ ತಮ್ಮ ಮೇಜಿನ ಮೇಲಿನ ಪಿಸಿಯನ್ನು ವಿಶ್ವವಿದ್ಯಾಲಯದ ಯುನಿಕ್ಸ್ ಯಂತ್ರಕ್ಕೆ ಜೋಡಿಸಬೇಕಿತ್ತು. ಪಿಸಿಯಲ್ಲಿದ್ದದ್ದು ಡಿಜಿಟಲ್ ಕಂಪೆನಿಯ ಪಾಥ್‌ವರ್ಕ್ಸ್ ಎಂಬ ತಂತ್ರಾಂಶ. ಅವರು ತಂತಿಯಲ್ಲಿ ಓಡಾಡುವ ಪೊಟ್ಟಣಗಳನ್ನು ನೋಡುತ್ತ ಕುಳಿತರು. ಯಾವ ಪ್ರಶ್ನೆಗೆ ಯಾವ ಉತ್ತರ ಹೋಗುತ್ತದೆಂದು ಗುರುತಿಸಿಕೊಂಡು ಅಂಥದೇ ಉತ್ತರ ಕೊಡುವ ಕ್ರಮವಿಧಿ ಬರೆದರು. ತಾವು ಕಲಿತದ್ದು ಎಸ್‌ಎಂಬಿ ಎಂಬ ಭಾಷೆಯೆಂದು, ಅದು ವಿಂಡೋಸ್ ಜೊತೆಗೂ ಮಾತಾಡಬಲ್ಲದೆಂದು ಅವರಿಗೆ ಗೊತ್ತಾದದ್ದು ಆಮೇಲೆ.

ಭಾಷೆ ತಿಳಿಯದವನು ಫ್ರೆಂಚ್ ಹೋಟೆಲೊಂದರಲ್ಲಿ ಕುಳಿತು, ಪಕ್ಕದವರು ಏನು ಹೇಳಿದಾಗ ಮಾಣಿ ಏನು ತಂದಿಡುತ್ತಾನೆಂದು ಗಮನಿಸಿ ಭಾಷೆ ಕಲಿಯುವುದಕ್ಕೆ ಟ್ರಿಜೆಲ್ ಈ ವಿಧಾನವನ್ನು ಹೋಲಿಸಿದ್ದಾರೆ. ನಮಗೆ ಫ್ರಾನ್ಸಿನವರೆಗೆ ಹೋಗಬೇಕಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕನ್ನಡದಷ್ಟೇ ತೆಲುಗೂ ಕೇಳಿಬರುತ್ತದೆ. ಬೇರೆ ಊರಿಂದ ಮಗ್ಗಕ್ಕೆ ಬಂದ ಹುಡುಗನಿಗೆ ಯಾರೂ ತೆಲುಗು ಪಾಠ ಹೇಳುವುದಿಲ್ಲ. ಯಜಮಾನರು ಏನೆಂದರೆ ಪಕ್ಕದವನು ಲಾಳಿ ಎತ್ತಿಕೊಡುತ್ತಾನೆ, ಏನೆಂದರೆ ಮಗ್ಗ ನಿಲ್ಲಿಸುತ್ತಾನೆ ಎಂದು ನೋಡುತ್ತ ನೋಡುತ್ತ ಆರು ತಿಂಗಳಲ್ಲಿ ಅವನೂ ಮಾತಾಡುತ್ತಾನೆ. ಕೆಲವೊಮ್ಮೆ ತಪ್ಪು ಪದ ಬಳಸಿ ಬೈಸಿಕೊಳ್ಳುತ್ತಾನೆ. ಮೊದಲ ವರ್ಷಗಳಲ್ಲಿ ಮುಕ್ತ ತಂತ್ರಾಂಶದವರ ಪಾಡೂ ಇದೇ.

ಆ ಕ್ರಮವಿಧಿಗೆ ಮೊದಲು ‘ಎಸ್‌ಎಂಬಿ ಸರ್ವರ್’ ಎಂದೇ ಹೆಸರಿತ್ತು. ಹೆಸರು ತಮ್ಮದೆಂದು ಬೇರೊಂದು ಕಂಪೆನಿ ತಕರಾರು ತೆಗೆದಾಗ ಟ್ರಿಜೆಲ್ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿಸಿ ‘ಸಾಂಬಾ’ ಎಂದು ಕರೆದರು. ಬ್ರೆಜಿಲ್ಲಿನ ಕುಣಿತದ ಹೆಸರು. ನಮ್ಮ ಕಿವಿಗೆ ಶಿವನದು. ಇಂದು ಮನೆ, ಕಚೇರಿಗಳಲ್ಲಿ ಕಡತ ಕೂಡಿಡಲು ಮಾರಾಟವಾಗುವ ಎಷ್ಟೋ ಪೆಟ್ಟಿಗೆಗಳೊಳಗೆ ಕೆಲಸ ಮಾಡುತ್ತಿರುವುದು ಇದೇ ಸಾಂಬಾ.

ಕದ್ದು ಕೇಳಿಸಿಕೊಳ್ಳುವ ಕಾಲ ಮುಗಿದದ್ದು ನ್ಯಾಯಾಲಯದಲ್ಲಿ. ತಮ್ಮ ಸರ್ವರ್‌ಗಳು ವಿಂಡೋಸ್ ಜೊತೆ ಹೊಂದಿಕೊಳ್ಳಲು ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ಕೊಡುತ್ತಿಲ್ಲವೆಂದು ಸನ್ ಮೈಕ್ರೋಸಿಸ್ಟಮ್ಸ್ 1998ರಲ್ಲಿ ಐರೋಪ್ಯ ಆಯೋಗಕ್ಕೆ ದೂರಿತು. 2004ರ ಮಾರ್ಚ್‌ನಲ್ಲಿ ಆಯೋಗ 49.7 ಕೋಟಿ ಯೂರೋ ದಂಡ ವಿಧಿಸಿ, ಆ ಮಾಹಿತಿಯನ್ನು ಹೊರಗಿಡುವಂತೆ ಆದೇಶಿಸಿತು. ಮೇಲ್ಮನವಿಯಲ್ಲಿ ಸಾಂಬಾ ತಂಡದವರೂ ಬಂದು ವಾದಕ್ಕೆ ಬಲ ಕೊಟ್ಟರು. 2007ರ ಸೆಪ್ಟೆಂಬರ್ 17ರಂದು ಲಕ್ಸೆಂಬರ್ಗಿನ ನ್ಯಾಯಾಲಯ ಆಯೋಗದ ಆದೇಶವನ್ನು ಮುಖ್ಯಾಂಶಗಳಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಬಾರಿ 10,000 ಯೂರೋ ಕಟ್ಟಿ ಸಾಂಬಾ ಪರವಾಗಿ ಆ ದಾಖಲೆಗಳನ್ನು ಪಡೆಯಲಾಯಿತು. ಹದಿನೈದು ವರ್ಷ ತಂತಿಗೆ ಕಿವಿಯಿಟ್ಟು ಕಲಿತ ಭಾಷೆಯ ವ್ಯಾಕರಣ ಪುಸ್ತಕ ಕೊನೆಗೂ ಕೈಗೆ ಬಂತು. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾದ ನಾಲ್ಕನೆಯ ಆವೃತ್ತಿ ದೊಡ್ಡ ಕಚೇರಿಗಳ ವಿಂಡೋಸ್ ಜಾಲವನ್ನೇ ನಡೆಸುವಷ್ಟು ಬಲಿತಿತ್ತು.

ಹಾಗಾದರೆ ನಮ್ಮ ಮನೆಯಲ್ಲಿ ಮಾತೇಕೆ ನಿಂತಿತು? ಭಾಷೆಯೇ ಹಳತಾಗಿತ್ತು. ಎಕ್ಸ್‌ಪಿಗೆ ಬರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. ಅದರಲ್ಲಿದ್ದ ದೋಷವೊಂದನ್ನು ಹಿಡಿದು 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅಷ್ಟರಲ್ಲಾಗಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತೆಂದರೆ ಅಪಾಯದ ಅಳತೆ ತಿಳಿಯುತ್ತದೆ. ಅದೇ ವರ್ಷ ವಿಂಡೋಸ್ 10ರ ಹೊಸ ಪರಿಷ್ಕರಣೆ ಹಳೆಯ ಎಸ್‌ಎಂಬಿಯನ್ನು ತಾನಾಗಿ ಹಾಕಿಕೊಳ್ಳುವುದನ್ನು ನಿಲ್ಲಿಸಿತು. 2019ರಲ್ಲಿ ಸಾಂಬಾ ಕೂಡ ಆ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತು. ಅಣ್ಣನ ಕಂಪ್ಯೂಟರ್ ಹೊರಗೆ ನಿಂತು ಹಳೆಯ ಮಾತಿನಲ್ಲಿ ಕರೆಯುತ್ತಿತ್ತು, ಸರ್ವರ್ ಓಗೊಡುತ್ತಿರಲಿಲ್ಲ. ಅತ್ತ 2024ರಲ್ಲಿ ಬಂದ ವಿಂಡೋಸ್ 11ರ ಪರಿಷ್ಕರಣೆ ಇನ್ನೂ ಕಟ್ಟುನಿಟ್ಟು. ಪ್ರತಿ ಸಂದೇಶಕ್ಕೂ ಸಹಿ ಬೇಕು. ಗುಪ್ತಪದವಿಲ್ಲದ ‘ಅತಿಥಿ’ ಪ್ರವೇಶ ಸಲ್ಲದು. ಮನೆಯವರಿಗೆ ಗುಪ್ತಪದದ ತಲೆನೋವು ಬೇಡವೆಂದು ನಾನು ಉದಾರವಾಗಿ ತೆರೆದಿಟ್ಟಿದ್ದ ಅತಿಥಿ ಬಾಗಿಲನ್ನೇ ಅದು ಅನುಮಾನಿಸಿತ್ತು. ಅನುಮಾನ ಸರಿಯಾಗಿಯೇ ಇತ್ತು.

ಲ್ಯಾಪ್‌ಟಾಪಿನದು ಸುಲಭವಾಗಿ ಬಗೆಹರಿಯಿತು. ಮನೆಯ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಪ್ತಪದ ಕೊಟ್ಟೆ. ಎಕ್ಸ್‌ಪಿಯದು ಹಾಗಲ್ಲ. ಸಾಂಬಾದ ಹೊಂದಾಣಿಕೆ ಕಡತದಲ್ಲಿ ಒಂದು ಸಾಲು ಬದಲಿಸಿ ಹಳೆಯ ಭಾಷೆಗೆ ಅನುಮತಿ ಕೊಡಬಹುದು. ಆದರೆ ಆ ಸಾಲು ಇಡೀ ಸರ್ವರಿಗೆ ಅನ್ವಯಿಸುತ್ತದೆ. ಒಬ್ಬ ಮುದುಕನಿಗಾಗಿ ಊರಬಾಗಿಲನ್ನೇ ತೆರೆದಿಟ್ಟಂತೆ. ಕೊನೆಗೆ ಹೊಳೆದದ್ದು ದುಭಾಷಿಯ ಉಪಾಯ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರನ್ನು ಅಣ್ಣನ ಕೋಣೆಯಲ್ಲಿಟ್ಟು, ಎಕ್ಸ್‌ಪಿಗೂ ಅದಕ್ಕೂ ನೇರ ತಂತಿ ಎಳೆದೆ. ಆ ತಂತಿಯ ಮೇಲೆ ಮಾತ್ರ ಹಳೆಯ ಎಸ್‌ಎಂಬಿ ನಡೆಯುತ್ತದೆ. ಎಕ್ಸ್‌ಪಿಗೆ ಅಂತರ್ಜಾಲದ ದಾರಿಯೇ ಇಲ್ಲ. ಚಿಕ್ಕ ಪೆಟ್ಟಿಗೆ ಗಂಟೆಗೊಮ್ಮೆ ಹೊಸ ವಿನ್ಯಾಸಗಳನ್ನು ವೈಫೈ ಮೂಲಕ ಸರ್ವರಿಗೆ ಸಾಗಿಸುತ್ತದೆ. ಸಾಗಿಸುವ ಆರ್‌ಸಿಂಕ್ ಎಂಬ ತಂತ್ರಾಂಶ ಬದಲಾದ ಭಾಗವನ್ನಷ್ಟೇ ಒಯ್ಯುವಷ್ಟು ಜಾಣ. ಅದು 1996ರಲ್ಲಿ ಹೊರಬಂತು, ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಇದೇ ಟ್ರಿಜೆಲ್ ಎಂದು ಓದಿದಾಗ, ನಮ್ಮ ಮನೆಗೆ ಕ್ಯಾನ್ಬೆರಾದ ಋಣ ಕೊಂಚ ಹೆಚ್ಚೇ ಎನಿಸಿತು.

ಮನೆಯೊಳಗಿನ ಜಗಳ ಹೀಗೆ ಮುಗಿಯಿತು. ಹೊಸಕೋಟೆಯಲ್ಲಿರುವ ತಂಗಿ ಸೀರೆ ಮಾರಾಟ ನೋಡಿಕೊಳ್ಳುತ್ತಾಳೆ. ಗಿರಾಕಿಗಳಿಗೆ ತೋರಿಸಲು ಅವಳಿಗೂ ವಿನ್ಯಾಸಗಳ ಚಿತ್ರ ಬೇಕು. ಇಲ್ಲಿ ಎದುರಾದದ್ದು ಫೈಬರ್ ತಂತಿಯ ತುದಿಯಲ್ಲಿ ಸೇವಾದಾರರು ಕೂರಿಸಿದ ಪೆಟ್ಟಿಗೆ. ಅದರ ಆಡಳಿತದ ಗುಪ್ತಪದ ಗ್ರಾಹಕರಿಗೆ ಕೊಡುವುದಿಲ್ಲವಂತೆ. ಬೇರೆ ಪೆಟ್ಟಿಗೆ ಹಾಕಿಕೊಳ್ಳುತ್ತೇನೆಂದರೆ ಅದಕ್ಕೂ ಅವಕಾಶವಿಲ್ಲವಂತೆ. ಜೊತೆಗೆ ನಮ್ಮ ಮನೆಗೆ ಅಂತರ್ಜಾಲದಲ್ಲಿ ಸ್ವಂತ ವಿಳಾಸವೇ ಇಲ್ಲ. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಾಗತಿಕ ಉಗ್ರಾಣದಲ್ಲಿದ್ದ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಆದ್ದರಿಂದ ಸೇವಾದಾರರು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ದೊಡ್ಡ ಕಚೇರಿಯ ಒಳಫೋನಿನಂತೆ: ಒಳಗಿನಿಂದ ಹೊರಕ್ಕೆ ಯಾರಿಗೆ ಬೇಕಾದರೂ ಕರೆ ಮಾಡಬಹುದು, ಹೊರಗಿನಿಂದ ನಿಮ್ಮ ಮೇಜಿಗೇ ನೇರವಾಗಿ ಕರೆ ಬಾರದು. ಐಪಿ ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲೂ ಇದೆ. ಆದರೆ ಒಳಬರುವ ಕರೆಯನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಗುಂಡಿ ಇರುವುದು ಅದೇ ಬೀಗ ಹಾಕಿದ ಪೆಟ್ಟಿಗೆಯೊಳಗೆ.

ಇದರಲ್ಲಿ ಒಂದು ವಿಡಂಬನೆಯಿದೆ. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲಿನ ಒಳಗೆ ಓಡುತ್ತಿರುವುದೇ ಲಿನಕ್ಸ್. ಲಿಂಕ್‌ಸಿಸ್ ಕಂಪೆನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆಯೊಳಗೆ ಲಿನಕ್ಸ್ ಇರುವುದನ್ನು 2003ರಲ್ಲಿ ಕೆಲವರು ಪತ್ತೆಹಚ್ಚಿದರು. ಬಳಸಿಕೊಂಡ ಮುಕ್ತ ತಂತ್ರಾಂಶದ ಮೂಲಪಠ್ಯವನ್ನು ಹಂಚಬೇಕೆಂಬ ಪರವಾನಗಿಯ ಷರತ್ತನ್ನು ಮುಂದಿಟ್ಟು ಒತ್ತಾಯಿಸಿದಾಗ ಕಂಪೆನಿ ಅದನ್ನು ಹೊರಗೆ ಬಿಟ್ಟಿತು. ಅದರ ಬುನಾದಿಯ ಮೇಲೆ 2004ರಲ್ಲಿ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಇಂದು ನೂರಾರು ಬಗೆಯ ಪೆಟ್ಟಿಗೆಗಳಿಗೆ ಮರುಜನ್ಮ ಕೊಟ್ಟಿದೆ. ನೆಲಮಂಗಲ ದಾಟಿ ತುಮಕೂರಿನ ಕಡೆ ಹೋದರೆ ಸಿಗುವ ದೇವರಾಯನದುರ್ಗದ ಸುತ್ತ ‘ಜನಸ್ತು’ ಸಂಸ್ಥೆಯವರು ಸಮುದಾಯವೇ ನಡೆಸುವ ವೈಫೈ ಜಾಲ ಕಟ್ಟಿದ್ದಾರೆ. ಹಳ್ಳಿಯವರ ಧ್ವನಿಮುದ್ರಿಕೆ, ಕಥೆಗಳು ಹಳ್ಳಿಯ ಸರ್ವರಿನಲ್ಲೇ ಉಳಿಯಬೇಕೆಂಬುದು ಅವರ ಯೋಚನೆ. ಪೆಟ್ಟಿಗೆ ನಮ್ಮ ಕೈಯಲ್ಲಿದ್ದರೆ ಏನು ಮಾಡಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ಗೊತ್ತಿಲ್ಲ.

ನಾನು ಹಿಂದಿನ ಬಾಗಿಲು ಹಿಡಿದೆ. ತಿಂಗಳ ಬಾಡಿಗೆಗೆ ಹೊರಗೊಂದು ಚಿಕ್ಕ ಸರ್ವರ್ ಪಡೆದು, 2020ರಿಂದ ಲಿನಕ್ಸ್‌ನ ಒಡಲಲ್ಲೇ ಸೇರಿರುವ ವೈರ್‌ಗಾರ್ಡ್ ಎಂಬ ಸುರಂಗದ ಮೂಲಕ ನಮ್ಮ ಮನೆಯ ಯಂತ್ರ ಅದಕ್ಕೆ ಸದಾ ಕರೆ ಮಾಡಿಕೊಂಡಿರುವಂತೆ ಮಾಡಿದೆ. ತಂಗಿಯ ಫೋನ್ ಆ ಹೊರಗಿನ ಸರ್ವರಿಗೆ ಹೋಗಿ ಸುರಂಗದಲ್ಲಿ ನಮ್ಮ ಮನೆಗೆ ಬರುತ್ತದೆ. ಕೆಲಸವೇನೋ ನಡೆಯುತ್ತಿದೆ. ಆದರೆ ನನ್ನದೇ ಮನೆಯ ಮುಂಬಾಗಿಲ ಬೀಗದ ಕೈ ನನ್ನಲ್ಲಿಲ್ಲವೆಂದು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನ್ಯಾಯವೆಂದು ನನಗನಿಸುವುದಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮಗೆ ಬೇಕಾದ ಪೆಟ್ಟಿಗೆಯನ್ನು ಹಾಕಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಇಂಥದು ನಮಗೆ ಹೊಸತೂ ಅಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ಸಂಖ್ಯೆ ಬದಲಿಸದೆ ಕಂಪೆನಿ ಬದಲಿಸುವ ಅವಕಾಶ ಬಂತು. ಆಕಾಶ ಕಳಚಿ ಬೀಳಲಿಲ್ಲ. ಟೀವಿಯ ಸೆಟ್‌ಟಾಪ್ ಪೆಟ್ಟಿಗೆಗಳು ಯಾವ ಕಂಪೆನಿಯ ಸೇವೆಗಾದರೂ ಹೊಂದಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತ್ತು. ಫೈಬರ್ ಪೆಟ್ಟಿಗೆಗೂ ಅದೇ ಮಾತು ಏಕೆ ಸಲ್ಲಬಾರದು?

ಮಗ್ಗದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಕಾರ್ಡಿನ ಯಂತ್ರ ಗಣಕಯಂತ್ರಗಳ ಪೂರ್ವಜರಲ್ಲೊಂದೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಆ ಕಾರ್ಡಿನ ಇನ್ನೊಂದು ಗುಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕೊಕ್ಕೆಗಳ ಎಣಿಕೆಯೂ ಅಳತೆಯೂ ಒಂದೇ ಆಗಿದ್ದರೆ, ಯಾರು ಹೊಡೆದ ಕಾರ್ಡಾದರೂ ಯಾರ ಮಗ್ಗದ ಮೇಲಾದರೂ ಓಡುತ್ತದೆ. ಪಕ್ಕದ ಬೀದಿಯವರಿಂದ ಕಾರ್ಡಿನ ಸರವನ್ನು ಎರವಲು ತಂದು ನೇಯ್ದು ಹಿಂದಿರುಗಿಸುವುದು ನಾನು ಚಿಕ್ಕಂದಿನಿಂದ ಕಂಡದ್ದು. ಜಕಾರ್ಡಿಗೆ ಡಾಂಗಲ್ ಇಲ್ಲ.

ಸರ್ವರ್ ನೆಲೆಗೊಂಡ ಮೇಲೆ ಅಣ್ಣನಿಗೆ ಉತ್ಸಾಹ ಬಂತು. ಹಳೆಯ ಲೆಕ್ಕಪತ್ರಗಳನ್ನೆಲ್ಲ ಅದಕ್ಕೆ ತುಂಬಿಸಿ, ‘ರೇಷ್ಮೆ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಅವೆಲ್ಲ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದವು, ಯಂತ್ರದ ಕಣ್ಣಿಗೆ ಅವು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯುನಿಕೋಡ್ ಬಳಕೆಗೆ ಬರುವ ಮುನ್ನಿನ ಕನ್ನಡದ ಎಷ್ಟೋ ಬರವಣಿಗೆಯ ಗತಿ ಇದು. ಆದರೆ ಇಲ್ಲಿ ಬೀಗ ಬಿಗಿಯಾಗಿರಲಿಲ್ಲ. ಯಾವ ಸಂಕೇತ ಯಾವ ಅಕ್ಷರವೆಂಬ ಪಟ್ಟಿ ತಿಳಿದವರು ಪರಿವರ್ತಕಗಳನ್ನು ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಒಂದು ರಾತ್ರಿಯಲ್ಲಿ ಲೆಕ್ಕವೆಲ್ಲ ಯುನಿಕೋಡಿಗೆ ಬಂತು. ಒತ್ತಕ್ಷರಗಳು ಅಲ್ಲಲ್ಲಿ ಮುಗ್ಗರಿಸಿವೆ, ಓದಲು ಅಡ್ಡಿಯಿಲ್ಲ.

ವಿನ್ಯಾಸಗಳದು ಮಾತ್ರ ಹಾಗಾಗಲಿಲ್ಲ. 1,100 ಕಡತಗಳೂ ಸರ್ವರಿನಲ್ಲಿ ಎರಡೆರಡು ಡಿಸ್ಕುಗಳಲ್ಲಿ ಸುರಕ್ಷಿತವಾಗಿ ಕುಳಿತಿವೆ. ಆದರೆ ಅವುಗಳ ಒಳಗಿನ ಬರಹ ಆ ಡಾಂಗಲಿನ ತಂತ್ರಾಂಶವೊಂದಕ್ಕೇ ಅರ್ಥವಾಗುವಂಥದು. ಅದರ ಪಟ್ಟಿ ಯಾರಲ್ಲಿಯೂ ಇಲ್ಲ, ಕೇಳೋಣವೆಂದರೆ ಮಾರಿದವರು ಇಲ್ಲ. ಬೆಂಕಿಪೊಟ್ಟಣದಷ್ಟಿರುವ ಆ ಬೀಗ ಸುಟ್ಟುಹೋದ ದಿನ ಎರಡಲ್ಲ, ಇಪ್ಪತ್ತು ಪ್ರತಿಗಳಿದ್ದರೂ ತಂದೆಯವರ ನವಿಲು ತೆರೆಯುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೊಂಡಾಗ ಇದನ್ನ ಯಾರೂ ಹೇಳಲಿಲ್ಲ ಕಣೋ’ ಎಂದ.

ಉಳಿದಿರುವ ದಾರಿ ಒಂದೇ. ಆ ತಂತ್ರಾಂಶದಲ್ಲಿ ಒಂದೊಂದೇ ವಿನ್ಯಾಸವನ್ನು ತೆರೆದು, ಯಾವ ಯಂತ್ರವಾದರೂ ಓದಬಲ್ಲ ಸಾದಾ ಬಿಎಂಪಿ ಚಿತ್ರವಾಗಿ ಉಳಿಸುವುದು. ಒಂದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಭಾನುವಾರ ಮಗ್ಗಗಳು ನಿಂತ ಮೇಲೆ ಅಣ್ಣ ತೆರೆಯುತ್ತಾನೆ, ನಾನು ಪಕ್ಕದಲ್ಲಿ ಕುಳಿತು ಹೆಸರು, ವರ್ಷ, ಕೊಕ್ಕೆಯ ಎಣಿಕೆ ಬರೆದುಕೊಳ್ಳುತ್ತೇನೆ. ತಂದೆಯವರವನ್ನು ಮೊದಲು ಮುಗಿಸಿದೆವು. ಇದುವರೆಗೆ 340 ಆಗಿವೆ.